ಸೂಜಿ ಪೋಣಿಸಿದವರಿಗಷ್ಟೇ ನಿದ್ದೆಯ ಔಷಧ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಂಗಾವತಿಯ ಸರ್ಕಾರಿ ದವಾಖಾನೆಯ ಹಿತ್ತಲ ಕಟ್ಟೆಯ ಮೇಲೆ ಕಂಪೌಂಡರ್ ಮಕ್ಬುಲಸಾಬರು ಬೂದಿ ಹಾಕಿ ಸೀಸೆ ತೊಳೆಯುತ್ತಿದ್ದಾರೆ. ಮಹಾಯುದ್ಧ ಶುರುವಾದಾಗಿನಿಂದ ಹೊಸ ಸೀಸೆ ಬರುವುದು ಅಪರೂಪ. ಹಳೆಯದನ್ನು ತಂದವರಿಗೇ ಔಷಧ. ಕಾಗದದ ಪಟ್ಟಿಯಲ್ಲಿ ಕತ್ತರಿಯಿಂದ ಕಚ್ಚು ಮಾಡಿ ಸೀಸೆಗೆ ಅಂಟಿಸುತ್ತಾರೆ. ಒಂದು ಕಚ್ಚೆಂದರೆ ಒಂದು ಹೊತ್ತಿನ ಔಷಧ. ಅವರ ಟೋಪಿಯ ಅಂಚಿಗೆ ಸೂಜಿಯೊಂದು ಚುಚ್ಚಿದೆ.

ದಿನಕ್ಕೆ ಎಂಬತ್ತು ರೋಗಿಗಳು. ಹೆಚ್ಚಿನವರದು ಚಳಿಜ್ವರ, ಕೆಮ್ಮು. ಬ್ರೋಮೈಡ್ ಎಂಬ ಉಪ್ಪುಪ್ಪಾದ ನಿದ್ದೆಯ ಔಷಧ ಒಯ್ಯುವವರು ಐದಾರು ಮಂದಿ. ಮೂರ್ಛೆ ಬರುವ ಹುಡುಗಿಗೂ ಅದೇ, ಚಿಂತೆಗೆ ರೆಪ್ಪೆ ಮುಚ್ಚದವರಿಗೂ ಅದೇ. ಬರೆದುಕೊಡುವವರು ಡಾಕ್ಟರು, ಸೂಜಿಯ ಕಾಯಿದೆ ಮಾತ್ರ ಸಾಬರದು. ಬೆಳಿಗ್ಗೆ ಈ ಔಷಧಕ್ಕೆ ಬಂದವರು ಮೊದಲು ಸೂಜಿಗೆ ದಾರ ಪೋಣಿಸಬೇಕು. ಹಿಂದಿನ ಔಷಧದ ಮಂಪರು ಇಳಿಯದೆ ಕೈ ತೂಗಿದರೆ ಸೀಸೆ ಅಲ್ಲೇ ಉಳಿಯುತ್ತದೆ, ರೋಗಿ ಮತ್ತೆ ಡಾಕ್ಟರ ಮುಂದೆ ಹೋಗುತ್ತಾನೆ.

"ಕಣ್ಣು ಮಂಜಾದವ್ರಿಗೆ ದಬ್ಬಣ ಇಟ್ಟೀನ್ರಿ" ಎನ್ನುತ್ತಾರೆ ಸಾಬರು. "ಮುದುಕಮ್ಮ ಒಬ್ಬಾಕಿ ಅದಕ್ಕೂ ಬೈತಾಳ. 'ಔಷಧ ಒಯ್ಯಾಕ ಬಂದೀನೋ, ಚೀಲ ಹೊಲ್ಯಾಕ ಬಂದೀನೋ?' ಅಂತಾಳ."

ಕಾಯಿದೆ ಹುಟ್ಟಿದ್ದು ನಾಲ್ಕು ವರ್ಷದ ಹಿಂದೆ. ನವಲಿಯ ಉಮಾಪತಿ ಎರಡು ದಿನದ ಔಷಧವನ್ನು ಒಮ್ಮೆಗೇ ಕುಡಿದು, ಮೇಲೆ ಸೇಂದಿಯನ್ನೂ ಏರಿಸಿ, ಬಂಡಿಯಲ್ಲಿ ಮಲಗಿಬಿಟ್ಟ. ಅವನ ಮದುವೆಯಲ್ಲಿ ಹೆಣ್ಣಿನ ಕಡೆಯವರು ಹಾಕಿದ ಹತ್ತಿಕಾಳಿನ ರುಚಿ ಮರೆಯದ ಎತ್ತುಗಳು ಅವನನ್ನು ನೇರ ಮಾವನ ಮನೆಗೆ ಒಯ್ದವು.

"ಊರೆಲ್ಲಾ ನಕ್ಕಿತ್ರಿ" ಎನ್ನುತ್ತಾರೆ ಸಾಬರು. "ನಾ ನಗಲಿಲ್ಲ. ಅವನ್ನ ದವಾಖಾನಿಗೆ ಹೊತ್ತು ತಂದ್ರು. ಮುಂಜಾನಿಂದ ಸಂಜಿತನಕ ಅವನ ಪಕ್ಕದಾಗ ಕೂತು ಉಸಿರು ಎಣಿಸಿದವ ನಾನು. ಒಂದು ಬಂದ್ರ ಇನ್ನೊಂದು ಬರತೈತೋ ಇಲ್ಲೋ ಅಂತ ಕಾಯೋದು ಐತಲ್ಲ, ಅದು ಭಾಳ ಕೆಟ್ಟದ್ದು. ಬದುಕಿದ. ಈಗ ಸೇಂದಿ ಅಂದ್ರ ಎದ್ದು ಓಡ್ತಾನ."

ಇಂದು ಸಾಬರು ಬಾಗಿಲಿನ ಕಡೆಗೇ ನೋಡುತ್ತಿದ್ದಾರೆ. ಆನೆಗೊಂದಿಯ ಅಂಬಿಗ ಯಂಕೋಬ ಬರಬೇಕು. ಮಳೆಗಾಲದಲ್ಲಿ ಅವನ ಹರಿಗೋಲು ಬಂಡೆಗೆ ಬಡಿದು ಮಗುಚಿತ್ತು. ಎಲ್ಲರೂ ದಡ ಸೇರಿದರು, ಯಂಕೋಬನ ನಿದ್ದೆ ಮಾತ್ರ ಸೇರಲಿಲ್ಲ. ಡಾಕ್ಟರು ಬ್ರೋಮೈಡ್ ಬರೆದರು, ಕುಡಿಯುವಷ್ಟು ದಿನ ಹರಿಗೋಲು ಹತ್ತಬಾರದು ಎಂದರು. ಅವರು ಹೇಳಿದಂತೆ ಸಾಬರು ವಾರವಾರ ಕಚ್ಚು ಕಿರಿದು ಮಾಡುತ್ತಾ ಬಂದರು. ಕೊನೆಯ ಹನಿ ಮುಗಿದು ಇಂದಿಗೆ ಎಂಟು ದಿನ.

ಯಂಕೋಬ ಹೆಂಡತಿ ವಿರೂಪಾಕ್ಷಮ್ಮನೊಂದಿಗೆ ಬಂದ.

"ನಿದ್ದಿ ಹೆಂಗೈತೋ?"

"ನನ್ನ ಕೇಳ್ರಿ ಸಾಬರ" ಎಂದಳು ವಿರೂಪಾಕ್ಷಮ್ಮ. "ಇವನ ಗೊರಕಿಗೆ ಈಗ ನನಗ ನಿದ್ದಿ ಇಲ್ಲ. ನನಗೊಂದು ಸೀಸಿ ಕೊಡ್ರಿ!"

"ಗೊರಕಿಗೆ ನನ್ನ ಹತ್ರ ಔಷಧ ಇಲ್ಲವ್ವಾ. ಮೂರು ಸಲ ಪೋಣಿಸು ಯಂಕೋಬ."

ಒಮ್ಮೆ ಪೋಣಿಸಿದ. ಎರಡನೆಯ ಸಲ ದಾರದ ತುದಿ ಸೀಳಿತು. ಎಂಜಲು ಹಚ್ಚಿ ಹೊಸೆದ, ಕೈ ಅಲುಗಲಿಲ್ಲ. ಮೂರನೆಯದು ಸರಕ್ಕನೆ ದಾಟಿತು. ಒಳಗೆ ನಾಡಿ ನೋಡಿದ ಡಾಕ್ಟರು ತಲೆಯಾಡಿಸಿದರು. ನಾಳೆಯಿಂದ ಹುಟ್ಟು ಹಿಡಿಯಬಹುದು. ವಿರೂಪಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಖಾಲಿ ಸೀಸೆಯನ್ನು ಸಾಬರ ಮುಂದಿಟ್ಟಳು.

ಮಕ್ಬುಲಸಾಬರಿಗೂ ಒಂದು ಆಸೆಯಿದೆ. ಮಗಳು ಇಮಾಮಬಾನು ಇರುವುದು ಹೊಳೆಯಾಚೆ, ಕಮಲಾಪುರದಲ್ಲಿ. ಮೊಮ್ಮಗಳನ್ನು ಇನ್ನೂ ನೋಡಿಲ್ಲ. ನೀರೆಂದರೆ ಭಯ, ಈಜು ಬರುವುದಿಲ್ಲ. ಉಳಿದ ಅಂಬಿಗರು ಎಷ್ಟು ಕರೆದರೂ ಹೋಗಿಲ್ಲ.

"ನಾಳೆ ಮೊದಲ್ನೇ ಸವಾರಿ ನಂದಪಾ" ಎಂದರು ಯಂಕೋಬನಿಗೆ. "ನಾ ಬೆರೆಸಿದ ಔಷಧ ಕುಡದು ಎದ್ದವನ ಹರಿಗೋಲಿನ್ಯಾಗ ನಾನ ಕೂಡದಿದ್ರ, ಊರ ಮಂದಿ ಯಾಕ ಕೂಡ್ತಾರ?"

ಸೂಜಿಯನ್ನು ಟೋಪಿಗೆ ಚುಚ್ಚಿಕೊಂಡು, ವಿರೂಪಾಕ್ಷಮ್ಮ ಕೊಟ್ಟ ಸೀಸೆಯನ್ನು ತೊಳೆಯಲು ಕೂತರು.