ಶೂ ಕಟ್ಟಡದ ಕೆಂಪು ದಾರಿ

ದೆವ್ವ, ಶಾಪ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಕಂಡದ್ದನ್ನು ಹೇಳುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ನನ್ನದು ನೆಲ ಹಾಸುವ ಗುತ್ತಿಗೆ. ಕೆಲವು ವರ್ಷಗಳ ಹಿಂದೆ ಪಿಲ್ಲಗುಂಪೆ ಕಡೆ ಆಟದ ಶೂ, ಬಟ್ಟೆ ಮಾಡುವ ಕಂಪನಿಯೊಂದು ಮುಖ್ಯ ಕಚೇರಿ ಕಟ್ಟಿಸಿತು. ಕಟ್ಟಡವೇ ಒಂದು ದೊಡ್ಡ ಶೂ. ಮುಂಭಾಗಕ್ಕೆ ಲೇಸಿನ ಹಾಗೆ ಅಡ್ಡಡ್ಡ ಕಬ್ಬಿಣದ ಕೊಳವೆಗಳು, ಕೆಳಗೆ ಕಂಪನಿಯದೇ ರಿಯಾಯಿತಿ ಅಂಗಡಿ, ಅಂಗಡಿಯ ಬಾಗಿಲಿನಿಂದ ಯಜಮಾನರ ಕೋಣೆಯವರೆಗೆ ಓಟದ ಟ್ರ್ಯಾಕಿನಂಥ ಕೆಂಪು ರಬ್ಬರ್ ದಾರಿ. ಅದನ್ನು ಹಾಸಿದವನು ನಾನೇ.

ಆ ಕೊಳವೆಗಳನ್ನು ಏರಿಸುವಾಗ ಒಂದು ಜಾರಿ ಬಿದ್ದು, ಕೂಲಿಗೆ ಬಂದಿದ್ದ ಮುನಿರಾಜುವಿನ ಎಡಪಾದ ಜಜ್ಜಿಹೋಗಿತ್ತು. ಬಾಗಿಲು ಕಾಯುವ ಕೆಲಸ ಕೊಡುತ್ತೇವೆ ಎಂದು ಕಂಪನಿಯವರು ಸಮಾಧಾನ ಮಾಡಿದ್ದರು. ಆ ಕೆಲಸವೊಂದನ್ನೇ ಅವನ ಮನೆ ನೆಚ್ಚಿಕೊಂಡಿತ್ತು.

ಹೊಸ ಕಟ್ಟಡದ ಪ್ರವೇಶದ ಬೆಳಿಗ್ಗೆ ಮೊದಲು ಹಸು ನುಗ್ಗಿಸಬೇಕಲ್ಲ, ಮುನಿರಾಜು ತನ್ನದೇ ಹಸು ತಂದಿದ್ದ. ಹೊಸ ಸಮವಸ್ತ್ರ ತೊಟ್ಟು, ಕಾಲೆಳೆಯುತ್ತ ಅದನ್ನು ಹೊಸಿಲ ತನಕ ನಡೆಸಿಕೊಂಡು ಬಂದ. ವಿಡಿಯೋ ತೆಗೆಯುತ್ತಿದ್ದರು. ಯಜಮಾನರು ಕೈ ಎತ್ತಿ ನಿಲ್ಲಿಸಿದರು.

“ಓಡೋ ಶೂ ಮಾರೋ ಜಾಗಕ್ಕೆ ಕುಂಟನ ಕೈಲಿ ಹಸು ನುಗ್ಗಿಸ್ತೀರೇನ್ರಿ? ಇವನು ನಾಳೆಯಿಂದ ಬಾಗಿಲಲ್ಲೂ ಕಾಣಬಾರದು.”

“ಕಾಲು ಹೋಗಿದ್ದು ಇಲ್ಲೇ ಅಲ್ವಾ ಸಾರ್,” ಎಂದ ಮುನಿರಾಜು. ಸುತ್ತ ನಿಂತವರು ನಕ್ಕರು. ಆ ನಗು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅವನನ್ನು ಗೇಟಿನಾಚೆ ಕಳಿಸಿ ಹಗ್ಗವನ್ನು ಬೇರೊಬ್ಬನ ಕೈಗೆ ಕೊಟ್ಟರು. ಹಸು ಕದಲಲಿಲ್ಲ. ಬಾಲ ತಿರುಚಿದರು, ಕೋಲಿನಿಂದ ಬಾರಿಸಿದರು. “ಹೊಡೀಬೇಡ್ರಪ್ಪಾ, ಗಬ್ಬದ ಹಸು ಕಣ್ರಪ್ಪಾ!” ಎಂದು ಅವನು ಹೊರಗಿನಿಂದ ಅರಚುತ್ತಿದ್ದ. ಕೊನೆಗೆ ಹಸು ಒಳಗೆ ಬಂತು, ಕೆಂಪು ದಾರಿಯುದ್ದಕ್ಕೂ ಎಡ ಹಿಂಗಾಲು ಎಳೆಯುತ್ತ. ಹೊರಗೆ ಬಿಟ್ಟ ಕೂಡಲೇ ನೆಟ್ಟಗೆ ನಡೆದು ಮುನಿರಾಜುವಿನ ಹತ್ತಿರ ಹೋಯಿತು.

ಹೊಡೆತ ಬಿದ್ದದ್ದಕ್ಕೆ ಹಾಗಾಯಿತೇನೋ ಎಂದುಕೊಂಡೆ. ಅಷ್ಟರಲ್ಲಿ ಹೊಸ ಬಿಳಿ ಶೂ ತೊಟ್ಟ ಯಜಮಾನರು ಆ ದಾರಿಯಲ್ಲಿ ಹೊರಟರು. ಅವರೂ ಎಡಗಾಲು ಎಳೆಯತೊಡಗಿದರು. ಹಿಂದೆ ಬಂದವರೆಲ್ಲರೂ ಹಾಗೆಯೇ ನಡೆದರು. ದಾರಿ ಮುಗಿದದ್ದೇ ಎಲ್ಲರ ಕಾಲೂ ಸರಿ.

ನೆಲ ಸರಿಯಿಲ್ಲವೆಂದು ನನ್ನನ್ನು ಬೈದರು. ರಸಮಟ್ಟ ಇಟ್ಟು ನೋಡಿದೆ, ಎಲ್ಲೂ ಏರುತಗ್ಗಿಲ್ಲ. ಕಿತ್ತು ಮತ್ತೆ ಹಾಸಿದರೂ ಹಾಗೆಯೇ. ನಾನು ನಡೆದಾಗಲೂ ಎಡಗಾಲು ಎಳೆದುಕೊಂಡೇ ಹೋಗಬೇಕಾಯಿತು. ಕಂಪನಿಯವರು ವಿಡಿಯೋದಲ್ಲಿ ಕಾಲು ಕಾಣದ ಹಾಗೆ ಎಲ್ಲರನ್ನೂ ಸೊಂಟದ ಮೇಲಷ್ಟೇ ಉಳಿಸಿಕೊಂಡರು. ಮುನಿರಾಜುವನ್ನು ಮಾತ್ರ ವಾಪಸ್ ಕರೆಯಲಿಲ್ಲ.

ಅವನಿಗೆ ಖುಷಿಯಾದೀತೆಂದು ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವನು ನಗಲಿಲ್ಲ.

“ಅವರಿಗೇನು ಸಾರ್, ದಾರಿ ಇಳಿದ್ರೆ ಕಾಲು ಸರಿಹೋಗ್ತದೆ. ನಾನು ಎಲ್ಲಿಂದ ಇಳೀಲಿ?”

ಆ ನೆಲಕ್ಕೆ ಏನಾಗಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ.