ರೇಟ್ ಹೊತ್ತುಕೊಂಡ ಕಾಕ

ಕಾಕನ ಕುತ್ತಿಗೆ ಯಾವಾಗಲೂ ಸ್ವಲ್ಪ ಹಿಂದಕ್ಕೆ ವಾಲಿಕೊಂಡೇ ಇರುತ್ತಿತ್ತು. ಐದಡಿ ಮುಟ್ಟದ ಮನುಷ್ಯ ಆರಡಿ ಹುಡುಗರ ಮುಖ ನೋಡಿ ನೋಡಿ ಹಾಗಾದದ್ದು ಎಂದು ನನ್ನ ಅಂದಾಜು. ಗುರುತಿಲ್ಲದವರು, ಈ ಮನುಷ್ಯನಿಗೆ ಎಷ್ಟು ಜಂಬ ಎಂದುಕೊಳ್ಳುತ್ತಿದ್ದರು.

ಕೊಲ್ಲಿ ದೇಶದ ಹೂರಾ ಬಡಾವಣೆಯಲ್ಲಿ ನಮ್ಮ ಫ್ಲಾಟಿನ ಕೆಳಗೇ ಅವರ ಸೂಟ್‌ಕೇಸ್ ಅಂಗಡಿ. ಊರಿಗೆ ಹೊರಟವರೆಲ್ಲ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಸಿಕೊಳ್ಳಲು ಅಲ್ಲಿಗೇ ಬರಬೇಕು. ಉಪ್ಪಿನಂಗಡಿ ಕಡೆಯ ಬ್ಯಾರಿ. ನನಗಿಂತ ಚಿಕ್ಕವರೇ, ಆದರೆ ಇಡೀ ಬೀದಿಗೆ ಕಾಕ ಆದಮೇಲೆ ನಾನೊಬ್ಬಳು ಬೇರೆ ಏನು ಕರೆಯಲಿ? ಅವರಿಗೆ ನಾನು ಅಕ್ಕ. ಮಗಳ ಮನೆಯಲ್ಲಿ ಕೂತು ಬೇಸರವಾದಾಗ ಕೆಳಗಿಳಿದು ಅವರ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಬಂದಮೇಲೆ ಮೊದಲು ಬರೆಯಬೇಕು ಎನಿಸಿದ್ದು ಅವರ ಬಗ್ಗೆಯೇ.

ಚಳಿಗಾಲದ ಶುಕ್ರವಾರಗಳಲ್ಲಿ ನಮ್ಮ ಕರಾವಳಿಯವರ ಬಾಸ್ಕೆಟ್‌ಬಾಲ್ ಪಂದ್ಯಗಳು ನಡೆಯುತ್ತವೆ. ವ್ಯಾಪಾರಸ್ಥರು ಒಂದೊಂದು ತಂಡ ಕಟ್ಟಿ, ಆಟಗಾರರನ್ನು ಹರಾಜಿನಲ್ಲಿ ತೆಗೆದುಕೊಳ್ಳುತ್ತಾರೆ. ಕೂಗಿದ ದುಡ್ಡು ಆಟಗಾರನಿಗೇ ಸೇರುತ್ತದೆ. ಕಾಕನಿಗೂ ಒಂದು ತಂಡ ಇತ್ತು. ಹೆಚ್ಚಿನ ವರ್ಷ ಅದು ಕೊನೆಯಲ್ಲಿರುತ್ತಿತ್ತು. ಕಾರಣ, ಆಡಿ ಹೆಸರು ಮಾಡಿದವರನ್ನು ಅವರು ಕೊಳ್ಳುತ್ತಲೇ ಇರಲಿಲ್ಲ. ಬೆಳಿಗ್ಗೆ ಅಂಗಡಿಯ ಟಿವಿಯಲ್ಲಿ ಅಮೆರಿಕದ ಆಟ ಹಾಕಿಕೊಂಡು, "ನೋಡಿ ಅಕ್ಕ, ಆ ಹುಡುಗನಿಗೆ ಮೀಸೆ ಸಮ ಬರ್ಲಿಲ್ಲ. ದೊಡ್ಡವರ ಒಂದು ಮ್ಯಾಚ್ ಆಡ್ಲಿಲ್ಲ. ಕೋಟಿಗಟ್ಟಲೆ ಕೊಟ್ಟಿದ್ದಾರೆ. ಅವರೇನು ಹುಚ್ಚರಾ?" ಎನ್ನುತ್ತಿದ್ದರು.

"ಅವರ ಹತ್ರ ದುಡ್ಡುಂಟು ಕಾಕ. ನಿಮ್ಮ ಹತ್ರ ಸೂಟ್‌ಕೇಸ್ ಉಂಟು."

"ಆಡಿ ತೋರಿಸಿದವನನ್ನು ಯಾರು ಬೇಕಾದ್ರೂ ತಕ್ಕೊಳ್ತಾರೆ ಅಕ್ಕ. ತೋರಿಸದವನನ್ನು ತಕ್ಕೊಳ್ಳಿಕ್ಕೂ ಒಬ್ಬ ಬೇಕಲ್ಲ."

ಒಂದು ವರ್ಷ ಹರಾಜಿನಲ್ಲಿ ನನ್ನ ಮೊಮ್ಮಗನ ಹೆಸರೂ ಬಂತು. ಹದಿನೇಳು ವರ್ಷ, ಬಿದಿರು ಗಳದ ಹಾಗೆ ಉದ್ದ. ಶಾಲೆಯ ಅಂಗಳ ಬಿಟ್ಟು ಬೇರೆಲ್ಲೂ ಆಡಿದವನಲ್ಲ. ಕಾಕ ಕೈ ಎತ್ತಿದರು. ಎದುರು ಕೂತ ಹೋಟೆಲ್ ಮಾಲೀಕರಿಗೆ ಕಾಕನ ಗುಣ ಗೊತ್ತು, ಬೇಕೆಂದೇ ರೇಟ್ ಏರಿಸಿದರು. ಇವರು ಬಿಡಲಿಲ್ಲ. ಯೂನಿವರ್ಸಿಟಿ ತಂಡದಲ್ಲಿ ಆಡಿ ಬಂದವನು ಇನ್ನೂರಕ್ಕೆ ಹೋದ ಹರಾಜಿನಲ್ಲಿ ನಮ್ಮವನು ಐನೂರು ದಿನಾರಿಗೆ ಹೋದ. ಸಭೆಯೆಲ್ಲ ನಕ್ಕಿತು.

"ಕಾಕ, ನಿಮಗೆ ಮಂಡೆ ಸಮ ಉಂಟಾ?" ಎಂದು ಕೇಳಿದೆ. ಹೊಟ್ಟೆಯೊಳಗೆ ಸಂತೋಷವೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಪಂದ್ಯದಲ್ಲಿ ಒಂದು ಪದ್ಧತಿ ಇತ್ತು. ಅಂಗಳಕ್ಕೆ ಇಳಿಯುವಾಗ ಮೈಕಿನಲ್ಲಿ ಆಟಗಾರನ ಹೆಸರಿನ ಜೊತೆಗೆ ಅವನ ರೇಟನ್ನೂ ಕೂಗುತ್ತಿದ್ದರು. ಮೊದಲ ಶುಕ್ರವಾರ ಹುಡುಗ ಎಸೆದ ಒಂದು ಚೆಂಡೂ ಬಾಸ್ಕೆಟಿಗೆ ಬೀಳಲಿಲ್ಲ. ಪ್ರತಿ ಸಲ ಗ್ಯಾಲರಿಯಿಂದ, "ಐನೂರು ದಿನಾರ್" ಎಂದು ರಾಗ ಎಳೆದರು. ಎರಡನೆಯ ಶುಕ್ರವಾರ ಅವನು ಎಸೆಯುವುದನ್ನೇ ಬಿಟ್ಟ. ಚೆಂಡು ಕೈಗೆ ಬಂದರೆ ಕೆಂಡ ಮುಟ್ಟಿದವನ ಹಾಗೆ ಬೇರೆಯವರಿಗೆ ದಾಟಿಸುತ್ತಿದ್ದ. ಮನೆಗೆ ಬಂದವನು ಶೂ ಕಟ್ಟಿ ಅಟ್ಟದ ಮೇಲೆ ಹಾಕಿದ.

"ಇನ್ನು ಬಾಸ್ಕೆಟ್‌ಬಾಲೇ ಬೇಡ ಅಜ್ಜಿ. ಬಾಲ್ ಕೈಗೆ ಬಂದ ಕೂಡಲೇ ರೇಟೇ ತಲೆಗೆ ಬರ್ತದೆ."

ಏಳನೆಯ ವಯಸ್ಸಿನಿಂದ ಚೆಂಡನ್ನು ಪಕ್ಕದಲ್ಲಿಟ್ಟುಕೊಂಡು ಮಲಗುತ್ತಿದ್ದ ಹುಡುಗ ಅದು. ನಾನು ದಡದಡ ಕೆಳಗಿಳಿದು ಅಂಗಡಿಯಲ್ಲಿ ಗಿರಾಕಿಗಳ ಎದುರೇ ಕಾಕನನ್ನು ತರಾಟೆಗೆ ತೆಗೆದುಕೊಂಡೆ. ಅವರು ಹಗ್ಗದ ಗಂಟನ್ನು ಅರ್ಧಕ್ಕೆ ಬಿಟ್ಟು ಪೂರ್ತಿ ಕೇಳಿದರು. ಆಮೇಲೆ ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದು ಹುಡುಗನ ಪಕ್ಕ ಕೂತರು.

"ರೇಟ್ ನೀನು ಇಟ್ಟದ್ದಾ ಮಗಾ?"

"ಅಲ್ಲ."

"ನಾನು ಇಟ್ಟದ್ದು. ಮತ್ತೆ ನೀನ್ಯಾಕೆ ಹೊರ್ತೀ? ನೀನು ಬಾಲ್ ಹಿಡ್ಕೋ, ರೇಟ್ ನಾನು ಹೊತ್ಕೊಳ್ತೇನೆ. ಒಂದು ವಾರ ನೋಡು. ಆಗದಿದ್ರೆ ಬಿಡು, ದುಡ್ಡು ನಿಂದೇ."

ಮೂರನೆಯ ಶುಕ್ರವಾರ ಮೈಕಿನವನು ಹುಡುಗನ ಹೆಸರು ಹೇಳಿ ರೇಟ್ ಹೇಳುವ ಮೊದಲೇ ಕಾಕ ಮೈಕ್ ಕಿತ್ತುಕೊಂಡರು. "ಐನೂರು ಕೂಗಿದವ ನಾನು. ಅದು ಹೆಚ್ಚಾಯ್ತಾ ಕಮ್ಮಿಯಾಯ್ತಾ ನನ್ನ ಹತ್ರ ಕೇಳಿ. ಅವನದ್ದು ಒಂದೊಂದು ತಪ್ಪಿದಾಗಲೂ ನಾನು ಎದ್ದು ನಿಲ್ತೇನೆ. ಹೇಳ್ಲಿಕ್ಕಿರುವುದನ್ನು ನನಗೆ ಹೇಳಿ ಮಾರ್ರೆ."

ಮೊದಲನೆಯದು ತಪ್ಪಿತು. ಕಾಕ ಎದ್ದು ನಿಂತರು.

"ಕಾಕ, ವಾರಂಟಿ ಉಂಟಾ?" ಯಾರೋ ಕೂಗಿದರು.

"ಉಂಟು, ಹ್ಯಾಂಡಲಿಗೆ ಮಾತ್ರ."

ಎರಡನೆಯದೂ ತಪ್ಪಿತು. "ಜಿಪ್ ಹೋಯ್ತು ಕಾಕ, ವಾಪಸ್ ತಕ್ಕೊಳ್ಳಿ." "ಬಿಲ್ ತನ್ನಿ, ನೋಡುವ." ನಾನೂ ಸುಮ್ಮನಿರಲಿಲ್ಲ. "ಕಾಕ, ಮೊಣಕಾಲಿಗೆ ಎಣ್ಣೆ ಬೇಕಾ?" ಎಂದೆ. "ಬಾಟ್ಲಿಯೇ ತನ್ನಿ ಅಕ್ಕ" ಎಂದರು. ಜನರಿಗೆ ಕಾಕನನ್ನು ಕೆಣಕುವುದೇ ಆಟವಾಯಿತು, ಅಂಗಳದ ಕಡೆಗೆ ಯಾರ ಕಣ್ಣೂ ಇಲ್ಲ. ಏಳುವಾಗ ಅವರು ಮುಂದಿನ ಕುರ್ಚಿಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದರು. ಮುಖ ಮಾತ್ರ ಮದುಮಗನದ್ದು. ಒಮ್ಮೆ ಅವರು ಏಳಲು ಹೊರಟು, ಅರ್ಧದಲ್ಲೇ ನಿಂತು, ಮೆಲ್ಲಗೆ ಕೂತರು. ಮೊಮ್ಮಗನ ಮೊದಲ ಬಾಸ್ಕೆಟ್ ನನಗೆ ಗೊತ್ತಾದದ್ದು ಹಾಗೆ.

ಆ ಪಂದ್ಯವನ್ನೂ ಸೋತೆವು. ಆದರೆ ಹುಡುಗ ಮನೆಗೆ ಬಂದು ಮೂರು ಸಲ ಅನ್ನ ಬಡಿಸಿಕೊಂಡ. ಮರುವರ್ಷದಿಂದ ಮೈಕಿನಲ್ಲಿ ರೇಟ್ ಕೂಗುವುದು ನಿಂತಿತು. ಕಾಕ ಮಾತ್ರ ಮತ್ತೊಬ್ಬ ಹಾಲುಗಲ್ಲದವನಿಗೆ ಮನಬಂದಷ್ಟು ಕೊಟ್ಟು ಮತ್ತೆ ಕೊನೆಯ ಸ್ಥಾನಕ್ಕೇ ಬಂದರು. ಬುದ್ಧಿ ಬಂತು ಎಂದು ನಾನು ಹೇಳಲಾರೆ.

ಹೋದ ವರ್ಷ ರಜೆಗೆಂದು ಊರಿಗೆ ಹೋದ ಕಾಕ ಅಲ್ಲೇ ತೀರಿಕೊಂಡರು. ಸುದ್ದಿ ಬಂದಾಗ ಮೊಮ್ಮಗ ಅಭ್ಯಾಸ ಮುಗಿಸಿ ಬಂದು ಬಾಗಿಲಲ್ಲೇ ನಿಂತಿದ್ದ. ಈಗ ಅವನು ತಂಡದ ನಾಯಕ.

"ಅಜ್ಜಿ," ಎಂದ, "ಅಷ್ಟು ದುಡ್ಡು ಕೊಟ್ಟು ಕಾಕ ಒಂದು ದಿನ ಕೂಡ ನನ್ನ ಹತ್ರ ಚೆನ್ನಾಗಿ ಆಡು ಅಂತ ಹೇಳ್ಲಿಲ್ಲ."

ನಾನು ನೆನಪು ಮಾಡಿಕೊಂಡೆ. ಹೌದು, ಅವರು ಹೇಳಿರಲಿಲ್ಲ. ಒಂದು ಕಾಸೂ ಕೊಡದ ನಾವೆಲ್ಲ ಹೇಳಿದ್ದೆವು.