ಗುಳಿಗೆಗಳ ನಡುವಿನ ಸಣ್ಣ ಗೆರೆ

ಹುನಗುಂದದ ಬಸ್ ನಿಲ್ದಾಣದ ಹಿಂದಿನ ಮಾಳಿಗೆಯ ಮೇಲೆ ಬಿಸಿಲು ಇನ್ನೂ ಪೂರ್ತಿ ಬಿದ್ದಿಲ್ಲ. ಬಸವೇಶ್ವರಿ ಆಗಲೇ ಮೂರು ಫೋನುಗಳನ್ನು ಕಟ್ಟೆಯ ಮೇಲೆ ಸಾಲಾಗಿಟ್ಟು ಸೂರ್ಯನಿಗಾಗಿ ಕಾಯುತ್ತಿದ್ದಾರೆ. ಒಂದು ಹೊಸದು, ಒಂದು ಹಳೆಯದು, ಮೂರನೆಯದರ ಗಾಜು ಅಡ್ಡಾದಿಡ್ಡಿ ಒಡೆದಿದೆ. ಬಿಸಿಲು ತಾಗಿದ ಕೂಡಲೇ ಒಂದೊಂದನ್ನೇ ಎತ್ತಿ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಹುಡುಕುತ್ತಿರುವುದು ಪರದೆಯ ಮೇಲಿನ ಕೂದಲೆಳೆಯಷ್ಟು ಗೆರೆಯನ್ನು. ಒಡೆದ ಗಾಜಿನಲ್ಲೂ ಅದು ಕಾಣುತ್ತದೆ. ಅರ್ಧ ಜೀವ ಬಂದವರಂತೆ ಅವರು ಚಹಾಕ್ಕೆ ಕೆಳಗಿಳಿಯುತ್ತಾರೆ.

ವೆಬ್ ಪುಟದಲ್ಲಿ ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಗೆರೆ ಇರುತ್ತದಲ್ಲ, ಅದನ್ನು ಯಾರೋ ಕೂತು ಹಾಕಿರುತ್ತಾರೆಂದು ನಮಗೆ ಹೊಳೆಯುವುದೇ ಇಲ್ಲ. ಮೂವತ್ತನಾಲ್ಕರ ಬಸವೇಶ್ವರಿಯ ಕೆಲಸ ಅದೇ. ಅದೇ ಮಾಳಿಗೆಯ ಕೆಳಗೆ, ಬೀಜದ ಅಂಗಡಿಯ ಮೇಲಿನ ಎರಡು ಕೋಣೆಯ ಕಚೇರಿಯಲ್ಲಿ ಸಂತೋಷಕುಮಾರ ಎಂಬುವವರು ಊರಿನ ದವಾಖಾನೆ, ಶಾಲೆ, ಅಂಗಡಿಗಳಿಗೆ ಪುಟ ಮಾಡಿಕೊಡುತ್ತಾರೆ. ಗೆರೆ ಹಾಕುವುದಕ್ಕೆ ಪ್ರತಿ ಪುಟವೂ ಕೊನೆಗೆ ಬಸವೇಶ್ವರಿಯ ಮುಂದೆ ಬರುತ್ತದೆ. ದಿನಕ್ಕೆ ಹದಿನೈದರಿಂದ ಇಪ್ಪತ್ತು ಪುಟ, ಒಂದೊಂದನ್ನೂ ಮೂರು ಅಗಲದ ಪರದೆಯಲ್ಲಿ ನೋಡಬೇಕು. ಗೆರೆಗೆ, ಅದರ ಬಣ್ಣಕ್ಕೆ, ದಪ್ಪಕ್ಕೆ ಸಿದ್ಧ ಹೆಸರುಗಳಿವೆ. ಅವನ್ನು ಕ್ಲಾಸ್ ಅನ್ನುತ್ತಾರೆ. ಹೆಸರು ಬರೆದರೆ ಗೆರೆ ಬರುತ್ತದೆ. ಕೇಳುವುದಕ್ಕೆ ಸಲೀಸು.

ತವರು ಇಳಕಲ್ಲು. ತಾಯಿ ಗುರುಲಿಂಗವ್ವ ಇವತ್ತಿಗೂ ಮಗ್ಗದ ಮುಂದೆ ಕೂರುತ್ತಾರೆ. ಎರಡನೇ ವರ್ಷಕ್ಕೆ ಬಿ.ಎ. ಬಿಟ್ಟ ಮಗಳು ಊರಲ್ಲೇ ಕಂಪ್ಯೂಟರ್ ಕಲಿತು, ಎಂಟು ವರ್ಷದಿಂದ ಮುಂಜಾನೆಯ ಮೊದಲ ಬಸ್ಸಿಗೆ ಹುನಗುಂದಕ್ಕೆ ಬರುತ್ತಿದ್ದಾರೆ. ಗೆರೆ ಎಳೆಯುವುದಕ್ಕೂ ಪಗಾರ ಕೊಡುತ್ತಾರೇನು ಎಂದು ಓಣಿಯವರು ಕೇಳಿ ಕೇಳಿ ಸಾಕಾಗಿ ಈಗ ಬಿಟ್ಟಿದ್ದಾರೆ. ಕನ್ನಡಕದ ನಂಬರು ಮಾತ್ರ ಎರಡು ಸಲ ಏರಿದೆ.

ಎರಡು ತಿಂಗಳ ಹಿಂದೆ ಒಂದು ದವಾಖಾನೆಗೆ ಗುಳಿಗೆ ಪಟ್ಟಿಯ ಪುಟ ತಯಾರಾಯಿತು. ರೋಗಿಯ ಫೋನಿನಲ್ಲಿ ಉಣ್ಣುವ ಮೊದಲಿನ ಮೂರು ಗುಳಿಗೆ ಒಂದು ಚೌಕದಲ್ಲಿ, ಉಂಡ ಮೇಲಿನ ಎರಡು ಕೆಳಗಿನ ಚೌಕದಲ್ಲಿ. ಬಸವೇಶ್ವರಿ ಎರಡಕ್ಕೂ ನಾಲ್ಕೂ ಕಡೆ ಗೆರೆ ಕೊಟ್ಟರು. "ನಾ ಇಳಕಲ್ಲಿನಾಕಿ ರೀ. ಸೀರಿ ಅಂಚಿನಂಗ ದಡಿ ಇಲ್ಲದ್ದು ಏನ ಕಂಡ್ರೂ ಅರ್ಧಕ್ಕ ಬಿಟ್ಟಂಗ ಅನಸ್ತೈತಿ" ಎನ್ನುತ್ತಾರೆ. ಚೌಕಗಳು ಕೂಡುವಲ್ಲಿ ಮೇಲಿನದರ ಕೆಳಗೆರೆಯೂ ಕೆಳಗಿನದರ ಮೇಲ್ಗೆರೆಯೂ ಒಂದಕ್ಕೊಂದು ಅಂಟಿ ದಪ್ಪ ಪಟ್ಟಿಯಾಯಿತು. ನೋಡಲು ಚೆಂದವೇ ಇತ್ತು.

ಆ ಪುಟ ನಿವೃತ್ತ ಬಸ್ ಕಂಡಕ್ಟರ್ ಮಲಕಪ್ಪನವರ ಕೈಗೆ ಬಂತು. ಅವರು ದಪ್ಪ ಗೆರೆಯವರೆಗೆ ಓದಿ ಫೋನು ಕಿಸೆಗಿಟ್ಟರು. ಕೆಳಗಿನ ಎರಡು ರಕ್ತದೊತ್ತಡದ ಗುಳಿಗೆ ನಾಲ್ಕು ದಿನ ಡಬ್ಬಿಯಲ್ಲೇ ಉಳಿದವು. ಐದನೇ ದಿನ ತಲೆ ಸುತ್ತಿ ಅಂಗಳದಲ್ಲಿ ಕೂತುಬಿಟ್ಟಾಗ ಮಗಳು ಜಯಶ್ರೀ ದವಾಖಾನೆಗೆ ಕರೆದೊಯ್ದರು. "ದಪ್ಪ ಗೆರಿ ಎಳದ್ರ ಆ ಟ್ರಿಪ್ ಮುಗೀತು ಅಂತ ಅರ್ಥ. ಮೂವತ್ತ ವರ್ಷ ಟಿಕೀಟಿನ ಲೆಕ್ಕದ ಹಾಳಿ ಹಂಗ ಬರದೇನಿ. ಕೆಳಗಿನವು ಬ್ಯಾರೆಯವ್ರವು ಅಂದ್ಕೊಂಡೆ" ಎಂದರು ಮಲಕಪ್ಪ.

ಡಾಕ್ಟರು ಅಪಾಯವಿಲ್ಲವೆಂದರು. ಸುದ್ದಿ ಕಚೇರಿಗೆ ಬಂದಾಗ ಬಸವೇಶ್ವರಿ ಆ ಪುಟವನ್ನು ಮತ್ತೆ ತೆರೆದು ದಪ್ಪ ಪಟ್ಟಿಯನ್ನೇ ನೋಡುತ್ತ ಕೂತರು. ದವಾಖಾನೆಯವರು ಪುಟ ನಿಲ್ಲಿಸಿ ಕಾಗದದ ಚೀಟಿಗೆ ಮರಳಿದರು. ಸರಿಪಡಿಸುವುದಕ್ಕೆ ಒಂದು ಅವಕಾಶ ಕೊಡಿ, ಮಲಕಪ್ಪ ಕಾಕಾ ಅದನ್ನು ಕೊನೆತನಕ ಓದದಿದ್ದರೆ ಈ ಕೆಲಸವನ್ನೇ ಬಿಡುತ್ತೇನೆ ಎಂದು ಬಸವೇಶ್ವರಿ ಸಂತೋಷಕುಮಾರರಿಗೆ ಹೇಳಿಬಿಟ್ಟರು. ಬಾಯಿಮಾತಿಗೆ ಹೇಳಿದ್ದಲ್ಲ.

ಈಗ ಚೌಕಗಳಿಲ್ಲ. ಐದೂ ಗುಳಿಗೆ ಒಂದೇ ಪಟ್ಟಿಯಲ್ಲಿವೆ. ಪ್ರತಿ ಸಾಲಿನಲ್ಲೂ ಉಣ್ಣುವ ಮೊದಲೋ ಆಮೇಲೋ ಎಂದು ಬರೆದಿದೆ. ಇಡೀ ಪಟ್ಟಿಗೆ 'ಡಿವೈಡ್-ವೈ' ಎಂಬ ಒಂದೇ ಕ್ಲಾಸ್. ಸಾಲುಗಳ ನಡುವೆ ಮಾತ್ರ ಒಂದೊಂದು ಗೆರೆ, ಮೊದಲಿನದರ ಮೇಲೂ ಕೊನೆಯದರ ಕೆಳಗೂ ಏನಿಲ್ಲ. ಮೊದಲು ಹಾಕಿದ ತಿಳಿಬೂದು ಬಣ್ಣ ಬಿಸಿಲಿಗೆ ಮಾಯವಾಗುತ್ತಿತ್ತು, ಅದಕ್ಕೇ ಎರಡು ಮೆಟ್ಟಿಲು ಗಾಢ ಮಾಡಿದ್ದಾರೆ. ಮುಂಜಾನೆ ಮಾಳಿಗೆ ಹತ್ತುವ ರೂಢಿ ಆಗಿನಿಂದ ಶುರುವಾದದ್ದು.

ಇವತ್ತು ಒಂಬತ್ತೂವರೆಗೆ ಮಲಕಪ್ಪ ಹೊಸ ಪುಟ ಓದಿ ನೋಡಲು ಮಗಳ ಜತೆ ಮೆಟ್ಟಿಲೇರಿ ಬರುತ್ತಾರೆ. ಬಸವೇಶ್ವರಿ ಏನೂ ವಿವರಿಸದೆ ಪುಟ ತೆರೆದು ಫೋನು ಕೈಗಿಡುತ್ತಾರೆ. ಅವರು ಬಾಗಿಲಿನ ಬಿಸಿಲಿಗೆ ಹೋಗಿ ನಿಂತು, ಸ್ಟಾಪಿನ ಹೆಸರು ಕೂಗುವ ದನಿಯಲ್ಲಿ ಓದುತ್ತಾರೆ. ಒಂದು, ಎರಡು, ಮೂರು. ಕನ್ನಡಕ ಸರಿಮಾಡಿಕೊಳ್ಳಲು ಕ್ಷಣ ನಿಲ್ಲುತ್ತಾರೆ. ಬಸವೇಶ್ವರಿ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿಯುತ್ತಾರೆ. ನಾಲ್ಕು. ಐದು.

ಸಂತೋಷಕುಮಾರ ನಗುತ್ತ ಕೆಳಗೆ ಚಹಾಕ್ಕೆ ಕೂಗು ಹಾಕುತ್ತಾರೆ. ಬಸವೇಶ್ವರಿ ಕುರ್ಚಿಯಲ್ಲಿ ಕುಸಿದು ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಎರಡು ತಿಂಗಳ ಭಾರ ಇಳಿದಿದೆ, ಅದನ್ನು ಮುಚ್ಚಿಡುವ ಗೊಡವೆಗೆ ಅವರು ಹೋಗುವುದಿಲ್ಲ.

ಮಲಕಪ್ಪ ಮಾತ್ರ ಪರದೆಯನ್ನು ಇನ್ನೊಮ್ಮೆ ಮೇಲೆ ಕೆಳಗೆ ಸರಿಸಿ ನೋಡುತ್ತಾರೆ. "ಎಲ್ಲಾ ಛಲೋ ಐತಿ ತಂಗಿ. ಆದ್ರ ಇದರಾಗ ನೀ ಮಾಡಿದ್ದು ಯಾವ್ದು?"

"ಏನಿಲ್ಲ ಕಾಕಾ," ಎನ್ನುತ್ತಾರೆ ಬಸವೇಶ್ವರಿ. "ಮುಂಜಾನಿ ಉಂಡ ಮ್ಯಾಲಿನ ಎರಡೂ ಗುಳಿಗಿ ತಗೊಂಡ್ರೇನು?"